ಗಂಟೆಗೆ ಹುಲ್ಲು ತುರುಕಿದ ದಿನ

ನನ್ನ ತಂಗಿಯ ಕೊರಳಿನಲ್ಲಿ ಒಂದು ಗುರುತಿನ ಕಾರ್ಡು ನೇತಾಡುತ್ತದೆ. ನೀಲಿ ಪಟ್ಟಿ, ಪ್ಲಾಸ್ಟಿಕ್ ಹೊದಿಕೆ, ಒಳಗೆ ಅವಳ ನಗುಮುಖ, ಅದರ ಕೆಳಗೆ ಎರಡು ದೇಶಗಳ ಬಾವುಟ. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುವುದಿಲ್ಲ; ಸಾರಿಗೆ ಬೀಳದಿರಲೆಂದು ಬೆನ್ನಿನ ಕಡೆಗೆ ತಿರುಗಿಸಿಕೊಳ್ಳುತ್ತಾಳೆ. ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಕೊರಳಿನಲ್ಲಿ ತಾಳಿ ಇದೆ, ಲಿಂಗದ ಕರಡಿಗೆ ಇದೆ. ಅವನ್ನು ನೋಡಿ ಇವತ್ತಿನವರೆಗೆ ಯಾರೂ ಎದ್ದು ಕುರ್ಚಿ ಕೊಟ್ಟಿಲ್ಲ.

ಇದು ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ಉಳಿಸಿಕೊಳ್ಳುವ ವಯಸ್ಸನ್ನು ನಾನು ದಾಟಿದ್ದೇನೆ. ಒಡಹುಟ್ಟಿದವರ ಏಳಿಗೆ ಕಂಡು ಹಿಗ್ಗಬೇಕು ಎಂದು ಮಕ್ಕಳಿಂದ ಪ್ರಬಂಧ ಬರೆಸುತ್ತೇನೆ. ಮನೆಗೆ ಬಂದು, ಫೋನು ತೆಗೆದು, ತಂಗಿ ಹಾಕಿದ ಫೋಟೋಗೆ ಎಷ್ಟು ಜನ ಲೈಕ್ ಒತ್ತಿದ್ದಾರೆ ಎಂದು ನೋಡುತ್ತೇನೆ. ಕಮ್ಮಿ ಇದ್ದರೆ ಅವತ್ತು ಊಟ ರುಚಿಸುತ್ತದೆ.

ಅವಳ ಆಫೀಸು ಯಳಂದೂರಿನಲ್ಲಿ. ಕಾಡಿನ ಹಳೆಯ ನಿಯಮಗಳು ಕಾಡನ್ನೂ ಉಳಿಸಲಿಲ್ಲ, ಕಾಡಂಚಿನ ಜನರನ್ನೂ ನೆಮ್ಮದಿಯಾಗಿ ಇರಗೊಡಲಿಲ್ಲ ಎಂದು ಕೊನೆಗೆ ಸರ್ಕಾರಕ್ಕೇ ಅನ್ನಿಸಿ, ನೀತಿಯನ್ನು ಬುಡದಿಂದ ಕಟ್ಟಲು ಹೊರಟಿದ್ದಾರೆ. ಹೊರದೇಶವೊಂದು ಅದಕ್ಕೆ ದುಡ್ಡನ್ನೂ ತಜ್ಞರನ್ನೂ ಕೊಟ್ಟಿದೆ. ಹಳೆಯ ನಿಯಮದಲ್ಲಿ ದನದ ಬಗ್ಗೆ ಇದ್ದದ್ದು ಒಂದೇ ಮಾತು: ಬಿಡಬಾರದು. ಹೊಸದರಲ್ಲಿ ಯಾವ ದೊಡ್ಡಿಗಳು ತಲೆತಲಾಂತರದಿಂದ ಇವೆ, ಎಲ್ಲಿ ಮೇಯಿಸಬಹುದು, ಎಲ್ಲಿಯ ಹುಲ್ಲನ್ನು ಜಿಂಕೆಗೆ ಬಿಡಬೇಕು ಎಂದು ದನ ಸಾಕುವವರನ್ನೇ ಕೇಳಿ ಬರೆಯುತ್ತಾರಂತೆ. ಕೇಳುವವರಿಗೆ ಕನ್ನಡ ಬಾರದು, ಹೇಳುವವರಿಗೆ ಇಂಗ್ಲಿಷ್ ಬಾರದು. ನಡುವೆ ನನ್ನ ತಂಗಿ.

ಅಪ್ಪ ನಮ್ಮೂರು ಕೌದಳ್ಳಿಯ ಅಂಗಡಿ ಬೀದಿಯಲ್ಲಿ ಅವಳ ಜೀಪಿಗೆ ಕೈ ಅಡ್ಡ ಹಾಕಿ ನಿಲ್ಲಿಸುತ್ತಾನೆ. ಕೆಲಸವೇನೂ ಇರುವುದಿಲ್ಲ, ಜೀಪು ತನಗಾಗಿ ನಿಂತದ್ದನ್ನು ನಾಲ್ಕು ಜನ ನೋಡಿದರೆ ಸಾಕು. ನಾನು ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದ ಬಸ್ಸಿನಲ್ಲಿ ಹರಕೆಯವರ ನಡುವೆ ಒಂಟಿ ಕಾಲಲ್ಲಿ ನಿಂತು ಬಂದು ಇಳಿದಾಗ, ಅದೇ ಅಂಗಡಿಯ ಜಗಲಿಯಿಂದ "ಬಂದ್ಯಾ" ಎನ್ನುತ್ತಾನೆ. ಅಷ್ಟೇ.

ಈ ಕಿಚ್ಚು ಇವತ್ತು ನಿನ್ನೆಯದಲ್ಲ. ನಾವು ಚಿಕ್ಕವರಿದ್ದಾಗ ಮೈಸೂರಿನ ಸೋದರತ್ತೆ, ಮಕ್ಕಳಿಲ್ಲದವಳು, ಒಬ್ಬಳನ್ನು ಕಳಿಸಿಕೊಡಿ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿಸುತ್ತೇನೆ ಎಂದಳು. ಹಿರಿಯವಳು ನಾನಲ್ಲವೇ ಎಂದು ಟ್ರಂಕನ್ನು ತೊಳೆದು ಬಿಸಿಲಿಗಿಟ್ಟೆ. ಆ ಟ್ರಂಕಿನಲ್ಲಿ ಬಟ್ಟೆ ತುಂಬಿಕೊಂಡು ಹೋದದ್ದು ತಂಗಿ. ನಾನು ಅತ್ತು ರಂಪ ಮಾಡಿದಾಗ ಅಪ್ಪ ಸಮಾಧಾನವೆಂಬಂತೆ ಹೇಳಿದ, "ನೀನೂ ಒಂಟೋದ್ರೆ ದೊಡ್ಡಿಗೆ ಬುತ್ತಿ ತಕಂಡೋಗೋರ್ ಯಾರ್ ಕೂಸು?" ಉಪಯೋಗಕ್ಕೆ ಬರುವ ಮಗಳನ್ನು ಮನೆಯಲ್ಲಿಟ್ಟುಕೊಂಡು ಬಾರದವಳನ್ನು ಓದಿಸಿದರು. ನಾನು ಆಮೇಲೆ ಊರ ಶಾಲೆಯಲ್ಲೇ ಹಟ ಹಿಡಿದು ಓದಿದ್ದೂ ಸಿಟ್ಟಿಗೇ.

ದೊಡ್ಡಿ ಎಂದರೆ ಕಾಡಿನೊಳಗೆ ಮುಳ್ಳಿನ ಬೇಲಿ ಹಾಕಿದ ದನದ ಬಿಡಾರ. ಹೊಲದಲ್ಲಿ ರಾಗಿ, ಜೋಳ ನಿಂತಿರುವ ತಿಂಗಳುಗಳಲ್ಲಿ ಊರೊಳಗೆ ದನ ಕಾಲಿಡಲು ಜಾಗವಿರುವುದಿಲ್ಲ, ಅಲ್ಲಿಗೆ ಅಟ್ಟುತ್ತೇವೆ. ಸುಗ್ಗಿ ಮುಗಿದ ಮೇಲೆ ದನವೂ ಇಳಿದು ಬರುತ್ತದೆ, ಗೊಬ್ಬರವೂ ಇಳಿದು ಬರುತ್ತದೆ. ನಮ್ಮ ದೊಡ್ಡಿಯನ್ನು ಹಾಕಿದ್ದು ಅಪ್ಪನ ತಾತ. ಅಲ್ಲಿ ಕಾಯುವ ದನಗಾಹಿ ಗಡಿಯಾಚೆಯ ಊರಿನವನು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುತ್ತಾನೆ. ಕರು ಹಾಕಿದ ಹಸುವಿನ ಗಿಣ್ಣು ಕಳೆದ ಮೇಲಿನ ಮೊದಲ ಹಾಲು ಮಾದಪ್ಪನಿಗೆ ಮೀಸಲು. ಅದಕ್ಕೆ ಮೊದಲು ಮನೆಯವರು ನಾಲಗೆಗೆ ಸೋಕಿಸುವಂತಿಲ್ಲ. ದೊಡ್ಡಿ ಇಲ್ಲದಿದ್ದರೆ ಅಪ್ಪನಿಗೆ ದನವಿಲ್ಲ. ದನವಿಲ್ಲದಿದ್ದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ಅವನಿಗೆ ಗೊತ್ತಿಲ್ಲ.

ಇಷ್ಟೆಲ್ಲ ಇದ್ದರೂ ನಮ್ಮ ಮನೆಯಲ್ಲಿ ಮಕ್ಕಳು ಮಾತು ಕಲಿಯುವಾಗಲೇ ಕಲಿಯುವ ಪಾಠ ಒಂದಿದೆ: ಕಾಡಿನಲ್ಲಿ ನಮಗೆ ದನವಿಲ್ಲ. ಖಾಕಿ ತೊಟ್ಟವರು ಯಾರು ಕೇಳಿದರೂ, ಪೋಸ್ಟ್‌ಮ್ಯಾನೇ ಕೇಳಿದರೂ, ಉತ್ತರ ಇದೇ. ಫಾರೆಸ್ಟ್ ಗಾರ್ಡು ಬರುತ್ತಾನೆಂಬ ಸುದ್ದಿ ಸಿಕ್ಕರೆ ದನಗಾಹಿ ದನವನ್ನು ಗುಡ್ಡದ ಆಚೆ ಮಗ್ಗುಲಿಗೆ ಹೊಡೆಯುತ್ತಾನೆ, ಸದ್ದಾಗದಿರಲೆಂದು ಕೊರಳಿನ ಮರದ ಗಂಟೆಗಳಿಗೆ ಹುಲ್ಲು ತುರುಕುತ್ತಾನೆ. ಗಾರ್ಡು ಬಂದು ಖಾಲಿ ದೊಡ್ಡಿ ನೋಡಿ, ಮಜ್ಜಿಗೆ ಕುಡಿದು ಹೋಗುತ್ತಾನೆ. ದನವಿಲ್ಲದ ದೊಡ್ಡಿಯಲ್ಲಿ ಮಜ್ಜಿಗೆ ಎಲ್ಲಿಂದ ಬಂತೆಂದು ಯಾವ ಗಾರ್ಡೂ ಕೇಳಿದ್ದಿಲ್ಲ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕು ಗಾದೆಯಲ್ಲಿ ಒಂದೇ, ನಮ್ಮಲ್ಲಿ ಎರಡು.

ಹೋದ ಕಾರ್ತಿಕದಲ್ಲಿ ತಂಗಿಯ ಯೋಜನೆಯವರು ನಮ್ಮ ಕಡೆಯ ದೊಡ್ಡಿಗಳನ್ನು ನೋಡಲು ಬರುವುದೆಂದು ನಿಗದಿಯಾಯಿತು. ದೊಡ್ಡಿ ಹೊಸ ನಕ್ಷೆಗೆ ಸೇರಬೇಕಾದರೆ ಅಲ್ಲಿ ದನ ಕಾಣಬೇಕು, ಯಜಮಾನ ಇದು ನನ್ನದು ಎಂದು ತನ್ನ ಬಾಯಲ್ಲೇ ಹೇಳಬೇಕು. ಸೇರದ ದೊಡ್ಡಿಗಳನ್ನು ಮುಂದಿನ ಮುಂಗಾರಿಗೆ ಮುಚ್ಚಿಬಿಡುತ್ತಾರೆ. ತಂಗಿ ಊರಿಗೆ ಬಂದು ಇದನ್ನು ಅಪ್ಪನಿಗೆ ಮತ್ತೆ ಮತ್ತೆ ಹೇಳಿದಳು. ಅಪ್ಪ ಪ್ರತಿ ಸಲವೂ ಆಯ್ತು ಕಣವ್ವ ಎಂದ. ಅತ್ತ ಅಂಗಡಿಯ ಜಗಲಿಯಲ್ಲಿ ಕೂತು ಓರಗೆಯವರ ಜೊತೆ ಬೇರೆಯೇ ತೀರ್ಮಾನ ಮಾಡಿದ್ದ. ಇವತ್ತು ಬರೆದುಕೊಂಡು ಹೋದದ್ದನ್ನೇ ಇಟ್ಟುಕೊಂಡು ನಾಳೆ ಕೇಸು ಹಾಕುತ್ತಾರೆ, ಬಿಳಿಯರು ವಿಮಾನ ಹತ್ತಿ ಹೋಗುತ್ತಾರೆ, ಖಾಕಿಯವರು ಇಲ್ಲೇ ಇರುತ್ತಾರೆ ಎಂಬುದು ಅವರ ಲೆಕ್ಕ. ಅದನ್ನು ತಪ್ಪೆನ್ನಲು ನನಗೂ ಧೈರ್ಯವಿಲ್ಲ.

ನನಗೆ ತಂಗಿಯ ಫೋನು ಬಂದದ್ದು ಅಡುಗೆಗೆ. ಹೊರದೇಶದ ಮೇಡಮ್ಮು ನಮ್ಮ ದೊಡ್ಡಿಯಲ್ಲೇ ಊಟ ಮಾಡುತ್ತಾರೆ, ಅವ್ವನ ಕೈಲಾಗುವುದಿಲ್ಲ, ಬಂದು ಮಾಡಿಕೊಡು, ಖಾರ ಮಾತ್ರ ಕಮ್ಮಿ ಹಾಕು ಎಂದಳು. ಹೋಗದಿದ್ದರೆ ಹೊಟ್ಟೆಕಿಚ್ಚಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದಕ್ಕೇ ರಜೆ ಹಾಕಿ ಹೋದೆ. ಮುದ್ದೆ, ಅವರೆಕಾಳು ಸಾರು, ಅನ್ನ, ಮೊಸರು, ಎಲ್ಲವನ್ನೂ ಪಾತ್ರೆಗಳಿಗೆ ತುಂಬಿ, ತಲೆಯ ಮೇಲೆ ಸಿಂಬೆ ಇಟ್ಟುಕೊಂಡು, ಮಧ್ಯವಯಸ್ಸಿನ ಹೈಸ್ಕೂಲು ಟೀಚರಾದ ನಾನು ಮತ್ತೆ ದೊಡ್ಡಿಗೆ ಬುತ್ತಿ ಹೊತ್ತೆ. ಜೀಪು ಹೋಗುವಷ್ಟು ದೂರ ಅವರು ಜೀಪಿನಲ್ಲಿ ಬಂದರು. ನಾನು ಒಳದಾರಿಯಲ್ಲಿ ನಡೆದು ಮೊದಲೇ ತಲುಪಿದ್ದೆ.

ಮೇಡಮ್ಮು ನರೆತ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿಕೊಂಡಿದ್ದ ಎತ್ತರದ ಹೆಂಗಸು, ಕಾಲಿಗೆ ದಪ್ಪ ಬೂಟು. ಮುಖದಲ್ಲಿ ಕಳೆ ಇತ್ತು, ಗರ್ವ ಇರಲಿಲ್ಲ. ಅವಳ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನ ಕಣ್ಣಿದ್ದದ್ದು ಅವಳ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಇಟ್ಟು, ಏನೋ ಹೇಳಿ ನಗಿಸುತ್ತಾ ಬರುತ್ತಿದ್ದ ತಂಗಿಯ ಮೇಲೆ. ಅವರ ಹಿಂದೆ, ದಾರಿ ತೋರಿಸುವುದಕ್ಕೆಂದು, ನಮ್ಮ ಭಾಗದ ಗಾರ್ಡು ಇದ್ದ. ಖಾಕಿಯಲ್ಲಿದ್ದ. ಯಾರ ಬುದ್ಧಿಯೋ ಕಾಣೆ, ಅಂಥ ದಿನ ಅವನನ್ನು ಕರೆತಂದಿದ್ದರು.

ದೊಡ್ಡಿ ಖಾಲಿ ಇತ್ತು. ತಂಗಿಯ ನಗು ಅಲ್ಲಿಗೇ ನಿಂತಿತು. ಮೇಡಮ್ಮು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದಳು: ಈ ದೊಡ್ಡಿ ಯಾರದು, ದನ ಎಲ್ಲಿ? ಬೇಲಿಯ ಬಳಿ ನಿಂತಿದ್ದ ಅಪ್ಪ ಮೇಡಮ್ಮಿನ ಕಡೆಯೂ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ. ಗಾರ್ಡಿನ ಅಂಗಿಯ ಗುಂಡಿಯನ್ನು ನೋಡುತ್ತಾ ಹೇಳಿದ.

"ನಮ್ದು ಕಾಡಲ್ಲಿ ದನ್ವೇ ಇಲ್ಲ ಕಣವ್ವ. ಯಾವತ್ತೂ ಇರ್ನಿಲ್ಲ."

ಮೇಡಮ್ಮು ತನ್ನ ಬೂಟಿನ ಪಕ್ಕದಲ್ಲಿದ್ದ, ಇನ್ನೂ ಹಬೆಯಾಡುತ್ತಿದ್ದ ಸಗಣಿಯನ್ನು ತೋರಿಸಿದಳು. ಅದು ಕಾಡೆಮ್ಮೆಯದು ಎಂದ ಅಪ್ಪ. ಅಂದರೆ ಕಾಡೆಮ್ಮೆಗಳು ಬಂದು, ಮುಳ್ಳಿನ ಬೇಲಿ ಸರಿಸಿ, ಒಳಗೆ ಸಾಲಾಗಿ ನಿಂತು ಸಗಣಿ ಹಾಕಿ, ಹೋಗುವಾಗ ಬೇಲಿಯನ್ನು ಮುಚ್ಚಿಕೊಂಡು ಹೋಗಿದ್ದವು. ಗಾರ್ಡು ಮರದ ತುದಿಯಲ್ಲಿ ಏನೋ ಹಕ್ಕಿ ಹುಡುಕತೊಡಗಿದ.

ತಂಗಿ ಕೊರಳಿನ ಕಾರ್ಡನ್ನು ನೆಟ್ಟಗೆ ಮಾಡಿಕೊಂಡಳು. ಹೇಳುವವರ ಮಾತಿಗೆ ಏನನ್ನೂ ಕೂಡಿಸಬಾರದು, ಏನನ್ನೂ ಬಿಡಬಾರದು ಎಂಬುದು ಅವಳ ಕೆಲಸದ ನಿಯಮ. ಹಿಂದೆ ನನ್ನ ಮುಂದೆ ಅದನ್ನು ಜಂಬದಿಂದ ಹೇಳಿಕೊಂಡಿದ್ದಳು. ಈಗ ಅಪ್ಪನ ಸುಳ್ಳನ್ನು, ಕಾಡೆಮ್ಮೆಯ ಸಮೇತ, ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಒಂದು ಮಾತೂ ಬಿಟ್ಟುಹೋಗಲಿಲ್ಲ. ಮೇಡಮ್ಮು ತಲೆಯಾಡಿಸಿ, ಮುಂದಿನ ದೊಡ್ಡಿ ಎಷ್ಟು ದೂರ ಎಂದು ಕೇಳಿ ಚೀಲವನ್ನು ಹೆಗಲಿಗೇರಿಸಿದಳು.

ಮೊದಲು ನನಗೆ ಆದದ್ದು ಖುಷಿ. ಕೊರಳಿನ ಕಾರ್ಡು, ಜೀಪು, ನೀರು ಹರಿದಂಥ ಇಂಗ್ಲಿಷು, ಇಷ್ಟಿದ್ದೂ ನಿನ್ನ ಕೈಲಿ ಆಗಲಿಲ್ಲವಲ್ಲ ಎಂಬ ಖುಷಿ. ಅದು ಎರಡು ಉಸಿರಿನಷ್ಟು ಹೊತ್ತು ಇತ್ತೋ ಇಲ್ಲವೋ. ಆಮೇಲೆ ಮೈಯೆಲ್ಲ ಉರಿದುಹೋಯಿತು. ಮುತ್ತಾತನ ದೊಡ್ಡಿ ನನ್ನ ಕಣ್ಣೆದುರಿಗೆ ಹೋಗುತ್ತಿತ್ತು, ಅಪ್ಪ ಅದನ್ನು ತಾನೇ ಕಳೆಯುತ್ತಿದ್ದ, ಇವಳು ನಿಯಮ ಪಾಲಿಸುತ್ತಾ ನಿಂತಿದ್ದಳು. ದೊಡ್ಡಿಯನ್ನು ಉಳಿಸಲೆಂದೇ ಬಾಯಿಬಿಟ್ಟೆ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ಅವಳ ಕೈಲಾಗದ್ದು ನನ್ನ ಕೈಲಾಗಬೇಕು ಎಂಬುದೂ ಅಷ್ಟೇ ಇತ್ತು.

"ಅವ್ರಿಗೆ ಏಳು," ಎಂದೆ ತಂಗಿಗೆ. "ಅಪ್ಪ ಸುಳ್ಳು ಏಳ್ತಾವ್ನೆ."

ಹೊರಗಿನವರ ಮುಂದೆ ಮನೆಯ ಯಜಮಾನನ ಮಾತನ್ನು ಹೆಣ್ಣುಮಕ್ಕಳು ಮುರಿಯುವುದು ನಮ್ಮಲ್ಲಿ ಇಲ್ಲ. ದನಗಾಹಿಯ ಗುಡಿಸಲಿನ ಹತ್ತಿರ ನಿಂತಿದ್ದ ಊರಿನವರು ನೆಲ ನೋಡಿದರು. ತಂಗಿ ತಗ್ಗಿದ ದನಿಯಲ್ಲಿ, ಅಕ್ಕ ಸುಮ್ಮನಿರು ಎಂದಳು. ಕೂಡಿಸಬಾರದು ಬಿಡಬಾರದು ಎಂದವಳು ನೀನೇ ಅಲ್ಲವೇ, ನಾನು ಹೇಳಿದ್ದನ್ನೂ ಹೇಳು ಎಂದೆ. ಅವಳು ಹೇಳಿದಳು. ನನ್ನ ಅಕ್ಕ ಹೀಗೆನ್ನುತ್ತಾಳೆ ಎಂದು ಅವಳ ಬಾಯಿಂದ ಇಂಗ್ಲಿಷಿನಲ್ಲಿ ಕೇಳುವಾಗ ನನಗೆ ಎಷ್ಟು ಹಿತವಾಯಿತೆಂದರೆ, ಅಪ್ಪನ ಮುಖ ನೋಡುವುದನ್ನೇ ಮರೆತೆ.

ಮಾತು ಸಾಲದು, ದನ ಕಾಣಬೇಕಲ್ಲ. ಗುಡಿಸಲಿನಿಂದ ಉಪ್ಪಿನ ಚೀಲ ತಂದೆ. ದೊಡ್ಡಿಯ ದನಕ್ಕೆ ಆಗಾಗ ಬಂಡೆಯ ಮೇಲೆ ಕಲ್ಲುಪ್ಪು ಹಾಕುತ್ತೇವೆ. ಅದಕ್ಕೆ ಕರೆಯಲು ಒಂದು ಕೂಗು ಇದೆ, ಮನೆತನಕ್ಕೊಂದು ಕೂಗು. ನಮ್ಮದನ್ನು ಅಪ್ಪ ಅವನಪ್ಪನಿಂದ ಕಲಿತ, ನಾನು ಬುತ್ತಿ ತರುತ್ತಿದ್ದ ಕಾಲದಲ್ಲಿ ಅಪ್ಪನಿಂದ ಕಲಿತೆ. ಮೈಸೂರಿನಲ್ಲಿ ಬೆಳೆದವಳಿಗೆ ಅದು ಬಾರದು. ಬಂಡೆಯ ಮೇಲೆ ನಿಂತು, ಸೆರಗು ಸಿಕ್ಕಿಸಿ, ಉದ್ದಕ್ಕೆ ಎಳೆದು ಕೂಗಿದೆ. ಪಾಠ ಹೇಳಿ ಹೇಳಿ ಗಟ್ಟಿಯಾದ ಗಂಟಲು, ಕೂಗು ಗುಡ್ಡಕ್ಕೆ ಬಡಿದು ಬಂತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ಹಸು ಕಂಡಿತು, ಅದರ ಹಿಂದೆ ಇನ್ನೊಂದು, ಹೋರಿ, ಕರುಗಳು, ಇಡೀ ಮಂದೆ ಇಳಿದು ಓಡಿಬಂತು. ಅಷ್ಟು ದನ ಓಡಿಬರುವಾಗ ಕಾಡೆಲ್ಲ ಗಂಟೆಯ ಸದ್ದಾಗಬೇಕು. ಕಾಲಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಲ್ಲದರ ಕೊರಳಿನಲ್ಲೂ ಹುಲ್ಲು ತುರುಕಿದ ಗಂಟೆ. ಹಿಂದಿನಿಂದ ದನಗಾಹಿ ಕೋಲು ಬೀಸುತ್ತಾ, ತಡೆಯಲಾಗಲಿಲ್ಲವೆಂದು ಎರಡೂ ಭಾಷೆಯಲ್ಲಿ ಗೋಳಾಡುತ್ತಾ ಬಂದ. ಮೇಡಮ್ಮು ಒಂದು ಹಸುವಿನ ಗಂಟೆಯೊಳಗಿನಿಂದ ಹುಲ್ಲನ್ನು ಎಳೆದು ತೆಗೆದಳು. ಗಂಟೆ ಲೊಟ್ಟೆಂದಿತು.

ದನ ಉಪ್ಪು ನೆಕ್ಕುತ್ತಿತ್ತು. ಯಜಮಾನನ ಬಾಯಿಂದ ಬರುವ ಮಾತೊಂದು ಬಾಕಿ ಇತ್ತು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ನನಗೆ ಬೆನ್ನು ಹಾಕಿ, ತಂಗಿಗೆ ಹೇಳಿದ.

"ಬರ್ಕಳಕ್ ಏಳವ್ವ. ನಮ್ವೇ. ನಮ್ ತಾತನ್ ಕಾಲ್ದಿಂದ್ಲೂ ಇದ್ದಾವೆ."

ಊಟಕ್ಕೆ ಕೂತಾಗ ಸಾರಿನ ಸೌಟು ನನ್ನ ಕೈಯಲ್ಲಿತ್ತು. ಅಪ್ಪ ನನ್ನನ್ನು ದಾಟಿ ನೋಡುತ್ತಾ, ಚಿಕ್ಕೂಸು, ಸಾರು ಹಾಕವ್ವ ಎಂದ. ತಂಗಿ ಕಾರ್ಡನ್ನು ಬೆನ್ನಿಗೆ ತಿರುಗಿಸಿಕೊಂಡು ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡಳು. ಖಾರ ಕಮ್ಮಿ ಹಾಕಿದ್ದ ಸಾರನ್ನು ಮೇಡಮ್ಮು ಎರಡು ಸಲ ಹಾಕಿಸಿಕೊಂಡಳು. ನಾನು ಖಾಲಿ ಪಾತ್ರೆಗಳನ್ನು ತೊಳೆಯಲು ಹೋದೆ.

ಆಮೇಲೆ ಅಪ್ಪ ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಫೋನು ಮಾಡಿದರೆ ಅವ್ವನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದ. ಅಷ್ಟರಲ್ಲಿ ನಮ್ಮ ದೊಡ್ಡಿ ಕರಡು ನಕ್ಷೆಗೆ ಸೇರಿದ ಸುದ್ದಿ ಬಂತು. ಜಗಲಿಯ ಗೆಳೆಯರಲ್ಲಿ ಹಲವರ ದೊಡ್ಡಿಗಳು ಸೇರಿರಲಿಲ್ಲ. ಅವರು ಗಂಟೆಗೆ ಹುಲ್ಲು ತುರುಕಿದ್ದು ಚೆನ್ನಾಗಿ ಕೆಲಸ ಮಾಡಿತ್ತು. ಈಗ ಅವರೆಲ್ಲ ಯಳಂದೂರಿನ ಆಫೀಸಿಗೆ ಅಲೆಯುತ್ತಿದ್ದರು. ನಮ್ಮ ದೊಡ್ಡಿ ಉಳಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಅಪ್ಪ, ಎಲ್ಲ ನನ್ನ ಚಿಕ್ಕ ಮಗಳದ್ದು ಎನ್ನುತ್ತಿದ್ದನಂತೆ. ಅವ್ವ ಅದನ್ನು ಒಳ್ಳೆಯ ಸುದ್ದಿಯೆಂಬಂತೆ ನನಗೆ ಹೇಳಿದಳು.

ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಆ ವಾರ ನಾನು ಮಕ್ಕಳನ್ನು ಬೈದೆ, ಹಾಲು ಉಕ್ಕಿಸಿದೆ, ಪಾಪ, ಏನೂ ಅರಿಯದ ಗಂಡನ ಜೊತೆ ಜಗಳ ಕಾದೆ. ಕೊನೆಗೆ ತಂಗಿಗೇ ಫೋನು ಮಾಡಿ, ಊರೆಲ್ಲ ನಿನ್ನ ಹೆಸರು ಹೇಳುತ್ತಿದೆ, ಸಂತೋಷವಾಗಿರಬೇಕಲ್ಲ ಎಂದೆ. ತಾನು ಎಷ್ಟು ಸಲ ಅಪ್ಪನಿಗೆ ಅಕ್ಕ ಇಲ್ಲದಿದ್ದರೆ ದೊಡ್ಡಿ ಇಲ್ಲ ಎಂದು ಹೇಳಿದರೂ ಅಪ್ಪ ಕಿವಿ ಕೇಳಿಸದವನ ಹಾಗೆ ಇರುತ್ತಾನೆ ಎಂದಳು. ನಾನು ನಂಬಲಿಲ್ಲ.

ಒಂದು ಭಾನುವಾರ ಅಪ್ಪ ಬಸ್ಸು ಹತ್ತಿ ಒಬ್ಬನೇ ಕೊಳ್ಳೇಗಾಲಕ್ಕೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಾನು ಕೊಟ್ಟ ನೀರು ಕುಡಿದು, ಗೋಡೆಯ ಕಡೆ ನೋಡುತ್ತಾ ಕೂತ. ಹನೂರಿನಲ್ಲಿ ಕೊನೆಯ ಸಭೆ ಇದೆಯಂತೆ. ಬೆಂಗಳೂರಿನಿಂದ ದೊಡ್ಡ ಅಧಿಕಾರಿಗಳು, ಹೊರದೇಶದವರು, ಅರಣ್ಯ ಇಲಾಖೆಯವರು ಎಲ್ಲ ಬರುತ್ತಾರಂತೆ. ದೊಡ್ಡಿಯ ಯಜಮಾನರು ಒಬ್ಬೊಬ್ಬರೇ ಎದ್ದು ಎಲ್ಲರ ಮುಂದೆ ಇನ್ನೊಮ್ಮೆ ಹೇಳಬೇಕು. ಅಲ್ಲಿ ಇಲ್ಲ ಎಂದವರ ದೊಡ್ಡಿಯನ್ನು ನಕ್ಷೆಯಿಂದ ತೆಗೆದುಹಾಕುತ್ತಾರೆ. ಇಷ್ಟು ಹೇಳಿ ಕಾಫಿ ಮುಗಿಸಿದ. ಆಮೇಲೆ ಬಂದ ಕೆಲಸ ಹೇಳಿದ.

"ಅಷ್ಟೊಂದ್ ಖಾಕಿ ಕಂಡ್ರೆ ನನ್ ಬಾಯಿ ತಂತಾನೇ ಇಲ್ಲ ಅಂದ್ಬುಡ್ತದೆ ಕಣಮ್ಮಿ. ಚಿಕ್ಕೂಸು ಪಕ್ದಲ್ಲಿರ್ತದೆ, ಅದು ನಾ ಏಳಿದ್ನೇ ಏಳ್ತದೆ. ನೀ ಎದ್ರುಗೆ ಕೂತ್ಕ."

ಅಷ್ಟು ತಿಂಗಳ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಇದು. ಅವಳು ವೇದಿಕೆಯ ಮೇಲೆ ಮೈಕು ಹಿಡಿದು ಪಕ್ಕದಲ್ಲಿ ನಿಲ್ಲಬೇಕು, ನಾನು ಕೆಳಗೆ ಕೂತು ಕಾವಲು ಕಾಯಬೇಕು! ರಜೆ ಸಿಗುತ್ತದೋ ನೋಡಬೇಕು ಎಂದೆ. ಅಪ್ಪ ನೋಡು ಎಂದು, ಊಟ ಮಾಡಿ, ಮೂರು ಗಂಟೆಯ ಬಸ್ಸಿಗೆ ಹೋದ. ಅವನ ಎಲೆ ತೆಗೆಯುವಾಗ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮಾರನೆಯ ದಿನ ರಜೆ ಕೇಳಿದೆ.

ಹನೂರಿನ ಸಭಾಂಗಣದಲ್ಲಿ ಮುಂದಿನ ಸಾಲು ದೊಡ್ಡವರಿಗೆಂದು ಕಾದಿರಿಸಿದ್ದರು. ನಾನು ಅಲ್ಲೇ ಹೋಗಿ ಕೂತೆ. ಸ್ವಯಂಸೇವಕಿಯೊಬ್ಬಳು ಬಂದು ಏಳಿ ಮೇಡಂ ಎಂದಳು. ನನ್ನಪ್ಪನಿಗೆ ನಾನು ಕಾಣಬೇಕು, ನೀನು ಬೇಕಾದರೆ ಪೊಲೀಸರನ್ನು ಕರಿ ಎಂದು ಕುರ್ಚಿಯ ಕೈ ಹಿಡಿದು ಕೂತೆ. ವೇದಿಕೆಯ ಮೇಲೆ ತಂಗಿ ರೇಷ್ಮೆ ಸೀರೆಯಲ್ಲಿ ಇದ್ದಳು, ಕಾರ್ಡು ಎದೆಯ ಮೇಲೆ. ಚೆನ್ನಾಗಿ ಕಾಣುತ್ತಿದ್ದಳು, ಹಾಳಾಗಲಿ.

ಅಪ್ಪನ ಸರದಿ ಬಂತು. ಮೆಟ್ಟಿಲು ಹತ್ತಿ ನಿಂತವನ ಎದುರಿಗೆ ಒಂದು ಸಾಲು ಪೂರ್ತಿ ಖಾಕಿ. "ನಮ್ದು ಕಾಡಲ್ಲಿ ದನ," ಎಂದ, ನಿಂತುಬಿಟ್ಟ. ಮುಂದಿನ ಪದ ನಾಲಗೆಯ ಮೇಲೆ ತಯಾರಾಗಿ ಕೂತಿತ್ತು, ಹುಟ್ಟಿದಾಗಿನಿಂದ ಆಡಿದ ಪದ. ಅವನ ಕಣ್ಣು ಮುಂದಿನ ಸಾಲಿನುದ್ದಕ್ಕೂ ಹುಡುಕಿ ನನ್ನ ಮೇಲೆ ಬಂದು ನಿಂತಿತು. ನಾನು ನಗಲಿಲ್ಲ. ಹೋಮ್‌ವರ್ಕ್ ಮಾಡದೆ ಬಂದ ಹುಡುಗರನ್ನು ನೋಡುವ ಹಾಗೆ ನೋಡಿದೆ.

"ಅವೆ," ಎಂದ ಅಪ್ಪ. "ದೊಡ್ಡಿ ನಮ್ದು, ದನ ನಮ್ವು. ಅವತ್ತು ನಾ ಇಲ್ಲ ಅಂದೆ. ಕೂಗಿ ಕರ್ದೋಳು ನನ್ ದೊಡ್ಡ್ ಮಗ್ಳು. ದೊಡ್ಡಿ ಉಳ್ಸಿದೋಳು ಅವ್ಳೇ. ಅಗೋ, ಅಲ್ ಕುಂತವ್ಳೆ."

ಕನ್ನಡ ಬರುವವರೆಲ್ಲ ತಿರುಗಿ ನನ್ನನ್ನು ನೋಡಿದರು. ಉಳಿದವರು ತಂಗಿಗಾಗಿ ಕಾಯುತ್ತಿದ್ದರು. ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು, ಏನನ್ನೂ ಕೂಡಿಸದೆ, ಏನನ್ನೂ ಬಿಡದೆ. ಮೈಕನ್ನು ಬಾಯಿಯ ಹತ್ತಿರ ತಂದವಳು ಹೇಳುವ ಮೊದಲು ನನ್ನತ್ತ ನೋಡಿದಳು. ಕಣ್ಣಿನಲ್ಲಿ ನೀರಿತ್ತು, ಅದು ಸಂತೋಷದ್ದಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ನಾನು ಅವಳನ್ನು ನೋಡುತ್ತಿದ್ದದ್ದು ಹಾಗೆಯೇ.